ಶಾಣ್ಯಾ ಮಕ್ಕಳ ಮನಸ್ಸೂ ದಣೀತೈತಿ: ಸಾಲಿಗೆ ಹೋಗಿ ನಾವು ಏನು ಕೇಳಬಹುದು?



ಈ ಸಲದ ಪಾಠ ಹುಟ್ಟಿದ್ದು ಹೊಂಬಳದ ಸುತ್ತಿನ ಒಂದು ಸಂಘದ ವಾರದ ಸಭೆಯಲ್ಲಿ. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದುಕೊಂಡು, ಠರಾವು ಪುಸ್ತಕಕ್ಕೆ ಎಲ್ಲರೂ ಸಹಿ ಹಾಕಿ ಎದ್ದ ಮೇಲೂ ಒಬ್ಬ ತಾಯಿ ಜಮಖಾನೆ ಮಡಚುತ್ತ ಹಿಂದೆ ಉಳಿದರು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದರು. ಆಮೇಲೆ ಮೆಲ್ಲಗೆ, "ಸಿಸ್ಟರ್, ನಮ್ಮ ಹುಡುಗಿ ಸಾಲಿಗೆ ಹೋಗಾಕ ಒಲ್ಲೆ ಅಂತಾಳ್ರಿ. ಮಾರ್ಕ್ಸ್ ಏನೂ ಕಡಿಮಿ ಬಂದಿಲ್ರಿ. ಅದಕ್ಕ ನನ್ನ ಮಾತು ಯಾರೂ ನಂಬವಲ್ರು" ಅಂದರು.

ಆ ತಾಯಿ ಮತ್ತು ಮಗಳು ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಹೆಸರು, ಸಾಲಿ ಹೇಳುವುದಿಲ್ಲ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇವೆ. ಯಾರ ಮನೆಯ ಹುಡುಗಿ ಇರಬಹುದು ಅಂತ ಲೆಕ್ಕ ಹಾಕುತ್ತ ಕೂಡಬೇಡಿರಿ. ಇಂಥ ಹುಡುಗಿ, ಇಂಥ ಹುಡುಗ ಪ್ರತಿ ಊರಲ್ಲೂ ಇದ್ದಾರೆ.

ಹುಡುಗಿ ಹತ್ತನೇ ತರಗತಿ. ಒಂಬತ್ತರಲ್ಲಿ ತರಗತಿಗೇ ಮೊದಲು. ಅವ್ವ ಉಳ್ಳಾಗಡ್ಡಿ, ಮೆಣಸಿನಕಾಯಿ ಹೊಲಕ್ಕೆ ಕೂಲಿ ಹೋಗುತ್ತಾರೆ, ಅಪ್ಪನದು ಗದಗ ಪೇಟೆಯಲ್ಲಿ ಹಮಾಲಿ. ಮನೆಯಲ್ಲಿ ಸಾಲಿ ಕಲಿತವರಲ್ಲಿ ಇವಳೇ ಮೊದಲಿಗಳು. ಗಣಪತಿ ಹಬ್ಬದ ಹೊತ್ತಿಗೆ ಅವಳ ನಿದ್ದೆ ಹೋಯಿತು. ರಾತ್ರಿ ಎರಡರ ತನಕ ಪುಸ್ತಕ, ನಸುಕಿನ ನಾಲ್ಕಕ್ಕೆ ಮತ್ತೆ ಎಚ್ಚರ. ಬರೆದ ಹಾಳೆ ಹರಿದು ಮತ್ತೆ ಬರೆಯುವುದು. ಮುಂಜಾನೆ ಹೊಟ್ಟೆ ನೋವು, ಅದೂ ಸಾಲಿ ಇರುವ ದಿನ ಮಾತ್ರ. ಅರ್ಧ ರೊಟ್ಟಿ ತಾಟಿನಲ್ಲೇ ಉಳಿಯುತ್ತಿತ್ತು. ಅಂಗಳಕ್ಕೆ ರಂಗೋಲಿ ಹಾಕುವುದೆಂದರೆ ಪ್ರಾಣ ಬಿಡುತ್ತಿದ್ದವಳು ರಂಗೋಲಿ ಬಟ್ಟಲು ಮುಟ್ಟುವುದನ್ನೇ ಬಿಟ್ಟಳು. ಒಂದು ಕಿರುಪರೀಕ್ಷೆಯಲ್ಲಿ 25ಕ್ಕೆ 23 ಬಂದಾಗ ಇಡೀ ರಾತ್ರಿ ಅತ್ತಳು. ಇನ್ನೊಂದು ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಮೈ ನಡುಗಿ, ಉಸಿರು ಕಟ್ಟಿದಂತಾಗಿ, ಹೊರಗೆ ಓಡಿ ಬಂದಳು.

ಸಾಲಿಯಲ್ಲಿ ಹೇಳಿದ್ದು ಒಂದೇ ಮಾತು: "ಇಂಥಾ ಶಾಣ್ಯಾ ಹುಡುಗಿಗೆ ಏನಾಗೈತ್ರೀ? 625ಕ್ಕ 600 ದಾಟೋ ಹುಡುಗಿ. ಮನಿಯಾಗ ನೀವು ಮುದ್ದು ಮಾಡಿ ಕೆಡಿಸೀರಿ." ಓಣಿಯಲ್ಲಿ ಹೇಳಿದ್ದು ಬೇರೆ: ಗಾಳಿ ಸೋಕಿದೆ, ಯಾರದೋ ದೃಷ್ಟಿ ತಾಗಿದೆ.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಇಷ್ಟು ವರ್ಷ ಈ ಕೆಲಸ ಮಾಡಿದ ನಾವೇ ಆ ಹುಡುಗಿಯನ್ನು ಮೊದಲ ಸಲ ಕಂಡಾಗ ತಲೆ ಸವರಿ, "ನೀನು ಶಾಣ್ಯಾಕಿ ಅದಿ, ಧೈರ್ಯ ತಗೋ, ಪ್ರಾರ್ಥನೆ ಮಾಡು, ಎಲ್ಲಾ ಸರಿ ಹೋಗತೈತಿ" ಎಂದು ಹೇಳಿ ಬಂದೆವು. ಅವಳು ತಲೆ ಆಡಿಸಿದಳು. ಆಮೇಲೆ ಎರಡು ತಿಂಗಳು ನಮ್ಮನ್ನು ಕಂಡರೆ ಒಳಗೆ ಹೋಗಿಬಿಡುತ್ತಿದ್ದಳು. ಬಹಳ ದಿನದ ಮೇಲೆ ಕೇಳಿದಾಗ, "ನೀವೂ ಶಾಣ್ಯಾಕಿ ಅಂದ್ರಲ್ರಿ ಸಿಸ್ಟರ್. ಶಾಣ್ಯಾಕಿ ಆದಾಕಿ ನನಗ ಆಗವಲ್ದು ಅಂತ ಹೆಂಗ ಹೇಳ್ಬೇಕ್ರಿ?" ಅಂದಳು. ಹೊಗಳಿಕೆಯೂ ಬಾಯಿ ಮುಚ್ಚಿಸುತ್ತದೆ ಅಂತ ನಮಗೆ ಕಲಿಸಿದ್ದು ಆ ಹುಡುಗಿ.

ಇದು ಸೋಮಾರಿತನವಲ್ಲ, ಬೇನೆ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಮಾನಸಿಕ ಆರೋಗ್ಯದ ಸಮೀಕ್ಷೆ ಮಾಡಿತು. 13ರಿಂದ 17 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಸುಮಾರು ಏಳು ಮಕ್ಕಳಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಕಂಡುಬಂತು. 60 ಮಕ್ಕಳ ಒಂದು ತರಗತಿ ಎಂದರೆ ನಾಲ್ಕು ಮಕ್ಕಳು. ಆ ನಾಲ್ವರೂ ಹಿಂದಿನ ಬೆಂಚಿನಲ್ಲೇ ಕೂಡುತ್ತಾರೆ ಅಂತ ಯಾರು ಹೇಳಿದರು? ಮೊದಲ ಬೆಂಚಿನಲ್ಲೂ ಇರುತ್ತಾರೆ. ದಡ್ಡ ಎನಿಸಿಕೊಂಡ ಮಗುವಿನ ಮಾರ್ಕ್ಸ್ ಬಿದ್ದರೆ ಮಾಸ್ತರರು ಮನೆಗೆ ಹೇಳಿ ಕಳಿಸುತ್ತಾರೆ. ಶಾಣ್ಯಾ ಮಗು ಮಾತ್ರ ಊಟ, ನಿದ್ದೆ, ಗೆಳತಿಯರು ಎಲ್ಲವನ್ನೂ ಮಾರಿ ಮಾರ್ಕ್ಸ್ ಉಳಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಕೊನೆಗೆ ಬೀಳುವುದು ಮಾರ್ಕ್ಸ್. ಅದು ಬಿದ್ದ ಮೇಲೆ ನೋಡೋಣ ಅಂದರೆ ಬಹಳ ತಡವಾಗಿರುತ್ತದೆ.

ನಟಿ ದೀಪಿಕಾ ಪಡುಕೋಣೆ ನಿಮಗೆಲ್ಲ ಗೊತ್ತು. ಬೆಂಗಳೂರಿನಲ್ಲಿ ಬೆಳೆದವರು. ತಮಗೆ ಖಿನ್ನತೆ ಬಂದಿತ್ತು ಅಂತ 2015ರಲ್ಲಿ ಎಲ್ಲರ ಎದುರು ಹೇಳಿಕೊಂಡರು. ಆಗ ಅವರ ಸಿನಿಮಾಗಳು ಚೆನ್ನಾಗಿ ಓಡುತ್ತಿದ್ದವು, ಹೆಸರು, ದುಡ್ಡು ಎಲ್ಲಾ ಇತ್ತು. ಇದು ಬೇರೆಯೇ ತರದ ಅಳು, ಸಹಾಯ ಬೇಕು ಅಂತ ಮೊದಲು ಗುರುತಿಸಿದವರು ಅವರ ತಾಯಿ. ಆಮೇಲೆ ಅವರು ಕಟ್ಟಿದ ಸಂಸ್ಥೆ 2016ರಿಂದ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಮಾನಸಿಕ ಆರೋಗ್ಯದ ಕೆಲಸ ಶುರು ಮಾಡಿತು. ನಮ್ಮ ಸಂಘದ ತಾಯಿಯೂ ಗುರುತಿಸಿದ್ದು ಹಾಗೆಯೇ. ಮಾಸ್ತರರಿಗೆ ಕಾಣದ್ದು ಅವರಿಗೆ ರಂಗೋಲಿ ಬಟ್ಟಲಿನಲ್ಲಿ ಕಂಡಿತು.

ಮೊದಲು ಡಾಕ್ಟರು, ಆಮೇಲೆ ಸಾಲಿ

ತಾಯತ ಕಟ್ಟಿಸಿದವರನ್ನು ನಾವು ಬೈಯುವುದಿಲ್ಲ. ದೇವರ ಗುಡಿಗೆ, ದರ್ಗಾಕ್ಕೆ, ಚರ್ಚಿಗೆ ಹೋಗಿ ಬೇಡಿಕೊಳ್ಳಿರಿ, ಅದರಿಂದ ತಾಯಿಗೂ ಸಮಾಧಾನ. ಅದರ ಜೊತೆಗೇ ಡಾಕ್ಟರ ಹತ್ತಿರವೂ ಹೋಗಬೇಕು. ಈ ತಾಯಿಗೆ ಡಾಕ್ಟರು ಅಂದ ಕೂಡಲೇ ಬಾಯಿಗೆ ಬಂದ ಮಾತು, "ಧಾರವಾಡಕ್ಕ ಕಳಸಬೇಕಂತೀರೇನ್ರಿ?" ನಮ್ಮ ಕಡೆ ಧಾರವಾಡಕ್ಕೆ ಕಳಿಸುವುದು ಅಂದರೆ ಹುಚ್ಚು ಅಂತಲೇ ಅರ್ಥ. ಅಲ್ಲಿಯ ಆಸ್ಪತ್ರೆ 1845ರಷ್ಟು ಹಳೆಯದು, ಆ ಹೆಸರು ಅಷ್ಟು ಬೇಗ ಹೋಗುವುದಿಲ್ಲ. ಈಗ ಅದು ಡಿಮ್ಹಾನ್ಸ್, ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಮುಂಜಾನೆ ಹೋಗಿ, ಡಾಕ್ಟರಿಗೆ ತೋರಿಸಿ, ಸಂಜೆಗೆ ಮನೆಗೆ ಬರುವವರು ಬಹಳ ಮಂದಿ.

ಅಷ್ಟು ದೂರವೂ ಬೇಕಾಗಲಿಕ್ಕಿಲ್ಲ. ಗದಗಿನ ಜಿಮ್ಸ್ ಆಸ್ಪತ್ರೆಯಲ್ಲಿ ಮಾನಸಿಕ ರೋಗ ವಿಭಾಗ ಇದೆ. ತಾಲೂಕು ಆಸ್ಪತ್ರೆಗಳಲ್ಲಿ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ಮಂಗಳವಾರ ಮಾನಸಿಕ ವೈದ್ಯರು ಕೂಡುವ ವ್ಯವಸ್ಥೆ ಸರಕಾರ ಮಾಡಿದೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡೆಯವರು ಯಾವ ಆಸ್ಪತ್ರೆಯಲ್ಲಿ ಯಾವ ವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿರಿ, ಬಸ್ ಚಾರ್ಜು ಉಳಿಯುತ್ತದೆ. ಏನೂ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿರಿ. ಇದು 'ಟೆಲಿ ಮನಸ್', 2022ರ ಅಕ್ಟೋಬರಿನಲ್ಲಿ ಶುರುವಾದ ಸರಕಾರಿ ಸೇವೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಾಯಿಯೂ ಮಾಡಬಹುದು, ಮಗುವೂ ಮಾಡಬಹುದು.

ಗುಳಿಗೆ ಕೊಟ್ಟರೆ ಒಂದು ಮಾತು ನೆನಪಿರಲಿ. ಇದು ಜ್ವರದ ಗುಳಿಗೆಯಂತಲ್ಲ, ಎರಡರಿಂದ ನಾಲ್ಕು ವಾರ ಹೋದ ಮೇಲೆ ಗುಣ ಕಾಣುತ್ತದೆ. ಮೊದಲ ದಿನಗಳಲ್ಲಿ ಮುಂಜಾನೆ ಮಂಪರು ಬರಬಹುದು. "ಗುಳಿಗಿ ತಗೊಂಡ್ರ ಹುಡುಗಿ ಬರೇ ಮಲಗತಾಳ" ಅಂತ ನೀವೇ ನಿಲ್ಲಿಸಬೇಡಿರಿ, ಹೋಗಿ ಡಾಕ್ಟರಿಗೆ ಹೇಳಿರಿ. ಎಲ್ಲ ಮಕ್ಕಳಿಗೂ ಗುಳಿಗೆ ಬೇಕು ಅಂತಲೂ ಇಲ್ಲ. ಈ ಹುಡುಗಿಗೆ ಗುಳಿಗೆಯೂ ಕೊಟ್ಟರು, ಹದಿನೈದು ದಿನಕ್ಕೊಮ್ಮೆ ಕೂಡಿಸಿಕೊಂಡು ಮಾತೂ ಆಡಿದರು.

ಹೊರಡುವಾಗ ಡಾಕ್ಟರಿಂದ ಒಂದು ಚೀಟಿ ಕೇಳಿ ತನ್ನಿರಿ. ಇಲ್ಲೇ ಬಹಳ ತಾಯಂದಿರು ಮರೆಯುತ್ತಾರೆ. ರೋಗದ ಹೆಸರು ಆ ಚೀಟಿಯಲ್ಲಿ ಇರಲೇಬೇಕೆಂದಿಲ್ಲ. "ಈ ವಿದ್ಯಾರ್ಥಿನಿ ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾಳೆ, ಸಾಲಿಯಲ್ಲಿ ಇಂತಿಂಥ ಅನುಕೂಲ ಮಾಡಿಕೊಟ್ಟರೆ ಒಳ್ಳೆಯದು" ಎಂದಿದ್ದರೆ ಸಾಲಿಗೆ ಅಷ್ಟು ಸಾಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯ ವಿಷಯ ಗುಟ್ಟಾಗಿ ಇಡುವುದು ಡಾಕ್ಟರರ ಕರ್ತವ್ಯ. "ನಾಳೆ ಲಗ್ನಕ್ಕ ತೊಂದ್ರಿ ಆಗತೈತಿ" ಎಂಬ ಹೆದರಿಕೆ ಎಷ್ಟೋ ಮಕ್ಕಳನ್ನು ಆಸ್ಪತ್ರೆಯ ಬಾಗಿಲಿನಿಂದ ಹಿಂದಕ್ಕೆ ತಂದಿದೆ. ಆ ಹೆದರಿಕೆ ಸುಳ್ಳು ಅಂತ ನಾವು ಹೇಳಲಾರೆವು. ಅದಕ್ಕೇ ಎಷ್ಟು ಬೇಕೋ ಅಷ್ಟೇ ಹೇಳಿರಿ ಅನ್ನುತ್ತೇವೆ.

ಏನು ಕೇಳುವುದು?

ಮೊದಲ ಸಲ ತಾಯಿ ಒಬ್ಬರೇ ಸಾಲಿಗೆ ಹೋದರು, ಕೈಯಲ್ಲಿ ಕಾಗದವಿಲ್ಲ, ಕಣ್ಣಲ್ಲಿ ನೀರು. "ನಮ್ಮ ಹುಡುಗಿನ್ನ ಸ್ವಲ್ಪ ನೋಡ್ಕೊಳ್ರಿ" ಅಂದರು. ಮುಖ್ಯೋಪಾಧ್ಯಾಯರು "ಆಯ್ತು, ನೋಡೋಣು" ಅಂದರು. ಅಲ್ಲಿಗೆ ಮುಗಿಯಿತು. ಅವರನ್ನು ದೂರುವುದೂ ಸರಿಯಲ್ಲ. 'ನೋಡಿಕೊಳ್ಳಿರಿ' ಅಂದರೆ ನಾಳೆ ಮುಂಜಾನೆ ಅವರು ಏನು ಮಾಡಬೇಕು? ಬ್ಯಾಂಕಿಗೆ ಹೋದಾಗ ಸಾಲ ಕೊಡಿರಿ ಅಂತ ಮಾತ್ರ ಹೇಳುತ್ತೇವೆಯೇ? ಎಷ್ಟು, ಯಾತಕ್ಕೆ, ಎಷ್ಟು ಕಂತು ಅಂತ ಬರೆದುಕೊಂಡು ಹೋಗುತ್ತೇವೆ. ಇಲ್ಲಿಯೂ ಹಾಗೆಯೇ.

ಎರಡನೇ ಸಲ ಹೋಗುವ ಮುಂಚೆ ಹುಡುಗಿಯನ್ನೇ ಕೂಡಿಸಿಕೊಂಡು ಕೇಳಿದೆವು: ದಿನದಲ್ಲಿ ಯಾವ ಹೊತ್ತು ಎಲ್ಲಕ್ಕಿಂತ ಕಷ್ಟ? ಅವಳು ಹೇಳಿದ್ದು ನಾವು ಯಾರೂ ಊಹಿಸಿರಲಿಲ್ಲ. ಪರೀಕ್ಷೆಗಿಂತ ಪರೀಕ್ಷೆಯ ಮರುದಿನ ಮಾರ್ಕ್ಸ್ ಓದಿ ಹೇಳುವ ಹೊತ್ತು ಅವಳಿಗೆ ದೊಡ್ಡದು. ಎಲ್ಲರೂ ತಿರುಗಿ ಅವಳ ಮುಖ ನೋಡುತ್ತಾರೆ, ಒಂದು ಮಾರ್ಕ್ ಹೋದರೂ ಮಾಸ್ತರರು "ಯಾಕವಾ, ಏನಾತು?" ಅನ್ನುತ್ತಾರೆ. ಇನ್ನೊಂದು, ಮುಂಜಾನೆ ಎಂಟರ ವಿಶೇಷ ತರಗತಿ, ಗುಳಿಗೆಯ ಮಂಪರಿನಲ್ಲಿ ಅವಳಿಗೆ ಆಗುತ್ತಿರಲಿಲ್ಲ. ಮೂರನೆಯದು, ಪರೀಕ್ಷೆಯ ಕೋಣೆಯಲ್ಲಿ ನಡುವಿನ ಸಾಲು. ಉಸಿರು ಕಟ್ಟಿದರೆ ಎದ್ದು ಹೊರಗೆ ಹೋಗಲು ದಾರಿ ಇಲ್ಲ.

ಅವಳು ಹೇಳಿದ್ದನ್ನೇ ಅರ್ಜಿ ಮಾಡಿದೆವು. ಹೀಗಿತ್ತು ಆ ಅರ್ಜಿ, ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿರಿ:

"ಮಾನ್ಯ ಮುಖ್ಯೋಪಾಧ್ಯಾಯರಿಗೆ, ಹತ್ತನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಆರೋಗ್ಯದ ಕಾರಣದಿಂದ ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾಳೆ. ವೈದ್ಯರ ಪತ್ರ ಲಗತ್ತಿಸಿದೆ. ಅವಳ ಕಲಿಕೆ ನಿಲ್ಲಬಾರದೆಂದು ಕೆಳಗಿನ ಅನುಕೂಲ ಕೋರುತ್ತೇನೆ. ಮುಂಜಾನೆಯ ವಿಶೇಷ ತರಗತಿಯಿಂದ ಎರಡು ತಿಂಗಳು ವಿನಾಯಿತಿ. ಅಂಕಗಳನ್ನು ಎಲ್ಲರೆದುರು ಓದದೆ ಉತ್ತರಪತ್ರಿಕೆ ಕೈಗೆ ಕೊಡುವುದು. ಪರೀಕ್ಷೆಯಲ್ಲಿ ಬಾಗಿಲ ಹತ್ತಿರ ಜಾಗ, ಬೇಕೆನಿಸಿದರೆ ಐದು ನಿಮಿಷ ಹೊರಗೆ ಹೋಗಿ ನೀರು ಕುಡಿದು ಬರಲು ಪರವಾನಗಿ. ಆಸ್ಪತ್ರೆಗೆ ಹೋದ ದಿನ ತಪ್ಪಿದ ಕಿರುಪರೀಕ್ಷೆಯನ್ನು ಬೇರೆ ದಿನ ಬರೆಯಲು ಅವಕಾಶ. ಅವಳು ತೊಂದರೆ ಹೇಳಿಕೊಳ್ಳಲು ಒಬ್ಬ ಶಿಕ್ಷಕಿಯನ್ನು ಗೊತ್ತುಮಾಡುವುದು. ಈ ವಿಷಯ ಸಂಬಂಧಪಟ್ಟ ಶಿಕ್ಷಕರಿಗೆ ಮಾತ್ರ ತಿಳಿಯಲಿ ಎಂದು ವಿನಂತಿ. ಎರಡು ತಿಂಗಳ ನಂತರ ಬಂದು ಕಾಣುತ್ತೇನೆ."

ಎರಡು ಪ್ರತಿ ಮಾಡಿಸಿರಿ. ಒಂದು ಪ್ರತಿಯ ಮೇಲೆ ಸಾಲಿಯ ಶಿಕ್ಕೆ, ತಾರೀಖು, ಸಹಿ ಹಾಕಿಸಿಕೊಂಡು ಮನೆಯಲ್ಲಿ ಇಡಿರಿ. ಅವಳು ಕೇಳಿದವುಗಳಲ್ಲಿ ಒಂದಕ್ಕೂ ಸಾಲಿಗೆ ಒಂದು ರೂಪಾಯಿ ಖರ್ಚಿಲ್ಲ, ಸರಕಾರದ ಆದೇಶವೂ ಬೇಕಿಲ್ಲ. ಮುಖ್ಯೋಪಾಧ್ಯಾಯರು ಮನಸ್ಸು ಮಾಡಿದರೆ ಮರುದಿನವೇ ಆಗುತ್ತದೆ.

ಈ ಸಲ ಅವರು ಅರ್ಜಿ ಓದಿ, ಕನ್ನಡಕ ತೆಗೆದಿಟ್ಟು, "ಒಬ್ಬಾಕಿಗೆ ಹಿಂಗ ಮಾಡಿದ್ರ ಉಳಿದ ಹುಡುಗರಿಗೆ ಅನ್ಯಾಯ ಆಗೂದಿಲ್ಲೇನ್ರಿ ಸಿಸ್ಟರ್?" ಅಂದರು. ಇದು ಖೋಟಿ ಪ್ರಶ್ನೆಯಲ್ಲ, ಎಲ್ಲ ಸಾಲಿಯಲ್ಲೂ ಬರುತ್ತದೆ, ಉತ್ತರ ತಯಾರಿಟ್ಟುಕೊಳ್ಳಿರಿ. ನಾವು ಗದಗಿನವರು ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು, ಎಷ್ಟು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು! ಕಣ್ಣಿಗೆ ಬದಲು ಕಿವಿಯಿಂದ, ಬೆರಳಿನಿಂದ ಕಲಿಸಿದರು. ಪಾಠ ಕಡಿಮೆ ಮಾಡಲಿಲ್ಲ, ಪಾಠದ ದಾರಿ ಬದಲಿಸಿದರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಅವರಿಗೆ ಸುಲಭ ಮಾಡಿಕೊಟ್ಟರು, ಉಳಿದವರಿಗೆ ಅನ್ಯಾಯವಾಯಿತು ಅಂತ ಗದಗಿನಲ್ಲಿ ಯಾರಾದರೂ ಅಂದದ್ದು ಕೇಳಿದ್ದೀರಾ? ನಮ್ಮ ಹುಡುಗಿಯೂ ಪ್ರಶ್ನೆ ಸುಲಭ ಮಾಡಿರಿ ಅನ್ನಲಿಲ್ಲ. ಬಾಗಿಲ ಹತ್ತಿರ ಕೂಡಿಸಿರಿ ಅಂದಳು.

ಬೈಬಲಿನಲ್ಲಿ ಅರಸುಗಳ ಮೊದಲ ಗ್ರಂಥದ 19ನೇ ಅಧ್ಯಾಯದಲ್ಲಿ ಎಲೀಯನೆಂಬ ದೊಡ್ಡ ಪ್ರವಾದಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಅಂತ ದೇವರನ್ನು ಬೇಡುತ್ತಾನೆ. ಅದರ ಹಿಂದಿನ ಅಧ್ಯಾಯದಲ್ಲಷ್ಟೇ ಅವನು ದೊಡ್ಡ ಜಯ ಗಳಿಸಿದ್ದ. ದೇವದೂತ ಬಂದು ಬೈಯಲಿಲ್ಲ, ಉಪದೇಶ ಹೇಳಲಿಲ್ಲ. ಮಲಗಲು ಬಿಟ್ಟು, ರೊಟ್ಟಿ ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟು, ಎರಡನೇ ಸಲ ಉಣಿಸಿ ಆಮೇಲೆ ದಾರಿಯ ಮಾತು ತೆಗೆದ. ನಾವು ಎಷ್ಟೋ ವರ್ಷದಿಂದ ಓದಿದ ಅಧ್ಯಾಯ ಇದು. ಈ ಹುಡುಗಿಯ ನಂತರವೇ ಅರ್ಥವಾದದ್ದು.

ಕಾನೂನು ಏನು ಹೇಳುತ್ತದೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅದರಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ, ಮಾನಸಿಕ ಕಾಯಿಲೆಯೂ ಅದರಲ್ಲಿ ಸೇರಿದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಯಾವುದೇ ಸಾಲಿ, ನಮ್ಮ ಮಿಶನ್ ಸಾಲಿಗಳೂ ಸೇರಿ, ಅಂಥ ಮಗುವಿನ ಅಗತ್ಯ ನೋಡಿ ಸಮಂಜಸ ಅನುಕೂಲ ಮಾಡಿಕೊಡಬೇಕು ಅಂತ ಅದರ 16ನೇ ಕಲಮು ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನ ವೇಳೆ, ಬರೆದುಕೊಡುವವರ ಸಹಾಯ ಇಂಥವು 17ನೇ ಕಲಮಿನಲ್ಲಿವೆ. ಆದರೆ ಕಾಯ್ದೆ ಹೇಳುವುದು ಬಹಳ ಕಾಲ ಉಳಿಯುವ ತೊಂದರೆಯ ಬಗ್ಗೆ. ನಾಲ್ಕು ತಿಂಗಳಲ್ಲಿ ಗುಣವಾಗುವ ಮಗುವಿಗೆ ವೈಕಲ್ಯದ ಪ್ರಮಾಣಪತ್ರ ಸಿಗಲಿಕ್ಕಿಲ್ಲ, ಬೇಕಾಗಿಯೂ ಇಲ್ಲ. ಎಲ್ಲರೂ ಪ್ರಮಾಣಪತ್ರಕ್ಕೆ ಓಡಬೇಡಿರಿ. ತೊಂದರೆ ವರ್ಷಗಟ್ಟಲೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿರಿ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ಸಹಾಯ ಮಾಡುತ್ತಾರೆ.

ಸುಪ್ರೀಂ ಕೋರ್ಟಿನ ಎರಡು ತೀರ್ಪು ತಿಳಿದಿರಲಿ. 2021ರಲ್ಲಿ ಒಬ್ಬ ಹುಡುಗಿಯ ಪ್ರಕರಣ ಬಂತು. ಅವಳಿಗೆ ಬರವಣಿಗೆಯ ತೊಂದರೆ, ಆದರೂ ಡಾಕ್ಟರಾಗುವ ಆಸೆಯಿಂದ ನೀಟ್ ಪರೀಕ್ಷೆಗೆ ಕೂತಿದ್ದಳು. ಕಾನೂನಿನಂತೆ ಸಿಗಬೇಕಾದ ಹೆಚ್ಚಿನ ವೇಳೆ ಕೊಡದೆ ಎಲ್ಲರ ಜೊತೆಗೇ ಅವಳ ಉತ್ತರಪತ್ರಿಕೆ ತೆಗೆದುಕೊಂಡುಬಿಟ್ಟರು. ಕೋರ್ಟು ತಪ್ಪು ಪರೀಕ್ಷೆ ನಡೆಸಿದವರದು ಅಂದಿತು, ಸರಿಪಡಿಸಿರಿ ಅಂತ ಹೇಳಿತು, ಆದರೆ ಮರುಪರೀಕ್ಷೆ ಕೊಡಿಸಲಿಲ್ಲ. ನಮಗೆ ಇದರಲ್ಲಿರುವ ಪಾಠ: ಪರೀಕ್ಷೆ ಮುಗಿದ ಮೇಲೆ ಗೆದ್ದರೂ ಅರ್ಧವೇ ಗೆದ್ದಂತೆ. ಕೇಳುವುದನ್ನು ತಿಂಗಳುಗಟ್ಟಲೆ ಮೊದಲೇ ಕೇಳಬೇಕು.

ಇನ್ನೊಂದು 2025ರ ಜುಲೈ 25ರ ತೀರ್ಪು. ವಿಶಾಖಪಟ್ಟಣದಲ್ಲಿ ನೀಟ್ ತಯಾರಿ ಮಾಡುತ್ತಿದ್ದ 17 ವರ್ಷದ ಹುಡುಗಿ 2023ರಲ್ಲಿ ತೀರಿಕೊಂಡಳು. ಅವಳ ತಂದೆ ಕೋರ್ಟಿಗೆ ಹೋದರು. ಕೋರ್ಟು ದೇಶದ ಎಲ್ಲ ಸಾಲಿ, ಕಾಲೇಜು, ಹಾಸ್ಟೆಲ್, ಕೋಚಿಂಗ್ ಕೇಂದ್ರಗಳಿಗೆ 15 ಮಾರ್ಗಸೂಚಿ ಹಾಕಿಕೊಟ್ಟಿತು. ಕಾನೂನು ಆಗುವ ತನಕ ಅವು ಕಾನೂನಿನಂತೆಯೇ. ನೂರು ಅಥವಾ ಹೆಚ್ಚು ಮಕ್ಕಳಿರುವ ಕಡೆ ತರಬೇತಿ ಪಡೆದ ಸಲಹೆಗಾರರು ಒಬ್ಬರಾದರೂ ಇರಬೇಕು. ಸಹಾಯವಾಣಿಯ ನಂಬರು ದೊಡ್ಡ ಅಕ್ಷರದಲ್ಲಿ ಕಾಣುವಂತೆ ಬರೆದಿರಬೇಕು. ಶಿಕ್ಷಕರಿಗೆ ವರ್ಷಕ್ಕೆ ಎರಡು ಸಲ ತರಬೇತಿ. ಮಾರ್ಕ್ಸ್ ನೋಡಿ ಮಕ್ಕಳನ್ನು ಬೇರೆ ಬೇರೆ ಗುಂಪು ಮಾಡುವುದು, ಎಲ್ಲರೆದುರು ಅವಮಾನ ಮಾಡುವುದು, ಮಗುವಿನ ಶಕ್ತಿ ಮೀರಿದ ಗುರಿ ಇಡುವುದು, ಇವನ್ನು ಆದಷ್ಟು ಮಟ್ಟಿಗೆ ಬಿಡಬೇಕು. ಇವೆಲ್ಲ ಇಂದೇ ನಮ್ಮ ಹಳ್ಳಿ ಸಾಲಿಗೆ ಬಂದುಬಿಟ್ಟಿವೆ ಅಂತ ನಾವು ಹೇಳುತ್ತಿಲ್ಲ. ಸಾಲಿಯ ಗೋಡೆಯ ಮೇಲೆ 14416 ಬರೆಸಿರಿ ಅಂತ ಹೋಗಿ ಹೇಳಲು ಒಂದು ಡಬ್ಬಿ ಬಣ್ಣ, ನಾಲ್ಕು ಜನ ತಾಯಂದಿರು ಸಾಕು.

ಹತ್ತನೇ ಪರೀಕ್ಷೆ ಮತ್ತು ಹಾಜರಿ

ಹಾಜರಿ ನೂರಕ್ಕೆ 75 ಇರಬೇಕು ಅಂತ ನಿಯಮ. ಬೇನೆಯಿಂದ ತಪ್ಪಿದ ದಿನಗಳ ಚೀಟಿ ಆಗಿಂದಾಗ್ಗೆ ಸಾಲಿಗೆ ಕೊಡುತ್ತ ಬನ್ನಿರಿ, ಫೆಬ್ರುವರಿಯಲ್ಲಿ ಒಮ್ಮೆಲೇ ಒಯ್ದರೆ ಕಷ್ಟ. 2024ರಿಂದ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಆಗಿವೆ: ಪರೀಕ್ಷೆ-1, ಪರೀಕ್ಷೆ-2. ಯಾವುದರಲ್ಲಿ ಹೆಚ್ಚು ಅಂಕ ಬರುತ್ತದೋ ಅದು ಉಳಿಯುತ್ತದೆ. ಪಿ.ಯು.ಸಿ. ಎರಡನೇ ವರ್ಷಕ್ಕೂ ಹೀಗೇ. ದಣಿದ ಮಗುವಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ, ಆದರೆ ಬಹಳ ತಾಯಂದಿರಿಗೆ ಗೊತ್ತೇ ಇಲ್ಲ. 'ಮಾರ್ಚಿನಲ್ಲಿ ಆಗದಿದ್ದರೆ ಎಲ್ಲಾ ಮುಗಿಯಿತು' ಎಂಬ ಭಯ ಮಕ್ಕಳನ್ನು ತಿನ್ನುತ್ತದೆ. ಮುಗಿಯುವುದಿಲ್ಲ ಅಂತ ಅವರಿಗೆ ಕ್ಯಾಲೆಂಡರ್ ಹಿಡಿದು ತೋರಿಸಿರಿ. ಪರೀಕ್ಷೆ-1ಕ್ಕೆ ಹೆಸರು ನೋಂದಾಯಿಸುವುದನ್ನು ಮಾತ್ರ ತಪ್ಪಿಸಬೇಡಿರಿ. ಹೆಚ್ಚಿನ ವೇಳೆ ಅಥವಾ ಬೇರೆ ಕೋಣೆ ಬೇಕಾದವರು ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ವೈದ್ಯರ ದಾಖಲೆ ಕಳಿಸಬೇಕು. ಹೆಸರು ನೋಂದಾಯಿಸುವ ಹೊತ್ತಿಗೇ ಆ ಮಾತು ಎತ್ತಿರಿ.

ಸಾಲಿಯವರು ಒಪ್ಪದಿದ್ದರೆ ಜಗಳ ಬೇಡ, ಏಕೆಂದರೆ ಮಗು ನಾಳೆ ಅದೇ ಸಾಲಿಗೆ ಹೋಗಬೇಕು. ಕಾರಣ ಬರೆದುಕೊಡಿರಿ ಅಂತ ಕೇಳಿರಿ. ಸರಕಾರಿ ಸಾಲಿಯಾದರೆ ಎಸ್.ಡಿ.ಎಂ.ಸಿ. ಸದಸ್ಯರಿಗೆ ಹೇಳಿರಿ. ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ, ಅಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅದರ ಮೇಲೆ ಗದಗಿನ ಉಪನಿರ್ದೇಶಕರು. ಮಕ್ಕಳಿಗೆ ಹೊಡೆತ, ಹಿಂಸೆ ಇದ್ದರೆ 1098.

ಅಪಾಯದ ಮಾತು

"ನಾನು ಇರಬಾರದಿತ್ತು", "ನಾ ಇಲ್ಲಂದ್ರ ನಿಮಗ ಚಿಂತಿ ತಪ್ಪತೈತಿ" ಇಂಥ ಮಾತು ಬಂದರೆ, ಇಷ್ಟದ ವಸ್ತು ಹಂಚತೊಡಗಿದರೆ, ಅದನ್ನು ಹುಡುಗಾಟ ಅನ್ನಬೇಡಿರಿ. ಬಾಯಿಬಿಟ್ಟು ಕೇಳಿರಿ: "ಸಾಯಬೇಕು ಅನಸ್ತೈತೇನವಾ?" ಕೇಳಿದರೆ ಆ ವಿಚಾರ ತಲೆಗೆ ಹೊಕ್ಕುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೇಳಿದ ಮೇಲೆ ಬೈಯದೆ ಕೇಳಿಸಿಕೊಳ್ಳಿರಿ. ಅವತ್ತು ಒಬ್ಬಳನ್ನೇ ಬಿಡಬೇಡಿರಿ, ಅವತ್ತೇ ಆಸ್ಪತ್ರೆಗೆ ಒಯ್ಯಿರಿ. ಹೊಲಕ್ಕೆ ಹೊಡೆಯುವ ಎಣ್ಣಿ ಮನೆಯಲ್ಲಿ ಅಟ್ಟದ ಮೇಲೆ, ಗ್ವಾದಲಿ ಹತ್ತಿರ ಇಡುವುದು ನಮ್ಮಲ್ಲಿ ರೂಢಿ. ಇವತ್ತು ಮನೆಗೆ ಹೋದ ಕೂಡಲೇ ಅದನ್ನು ಕೀಲಿ ಹಾಕಿ ಇಡಿರಿ, ಕೀಲಿಕೈ ನಿಮ್ಮ ಸೊಂಟದಲ್ಲಿರಲಿ. ಯಾವ ಮನೆಯಲ್ಲಿ ಮಗು ಸೊರಗಿದೆ ಅಂತ ನೋಡಿ ಅಲ್ಲ, ಎಲ್ಲ ಮನೆಯಲ್ಲೂ. ಏನಾದರೂ ಆಗಿಹೋದರೆ ಪೊಲೀಸರಿಗೆ ಹೆದರಿ ಮುಚ್ಚಿಡಬೇಡಿರಿ. ಜೀವ ತೆಗೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷಿಸಬಾರದು ಅಂತ 2017ರ ಕಾಯ್ದೆಯ 115ನೇ ಕಲಮು ಹೇಳುತ್ತದೆ.

ಸಂಘ ಮಾಡಿದ್ದು

ಆ ಸಂಘದವರು ಈ ತಾಯಿಗೆ ಆಂತರಿಕ ಸಾಲದಲ್ಲಿ ಬಸ್ಸಿಗೂ ಆಸ್ಪತ್ರೆ ಖರ್ಚಿಗೂ ಸ್ವಲ್ಪ ಹಣ ಕೊಟ್ಟರು, ಠರಾವಿನಲ್ಲಿ 'ವೈದ್ಯಕೀಯ' ಅಂತ ಮಾತ್ರ ಬರೆದರು. ಆಸ್ಪತ್ರೆಯ ದಿನ ಕೂಲಿ ತಪ್ಪುತ್ತದೆ ಅಂತ ಇಬ್ಬರು ಸರದಿಯ ಮೇಲೆ ಜೊತೆಗೆ ಹೋದರು. ಇಷ್ಟೆಲ್ಲ ಮಾಡಿದ ಅದೇ ಸಂಘದಲ್ಲಿ ಯಾರೋ ಒಬ್ಬರು ನೀರು ತರುವಾಗ ಬಾಯಿ ಬಿಟ್ಟರು. ವಾರದೊಳಗೆ ಸಾಲಿಯ ಹುಡುಗಿಯರಿಗೆ ಗೊತ್ತಾಯಿತು. ಹುಡುಗಿ ಹತ್ತು ದಿನ ಮನೆ ಬಿಟ್ಟು ಹೊರಗೆ ಬರಲಿಲ್ಲ. ಯಾರು ಅಂತ ನಾವು ಕೇಳಲಿಲ್ಲ, ಮುಂದಿನ ಸಭೆಯಲ್ಲಿ ಒಬ್ಬರು ತಾವಾಗಿಯೇ ಎದ್ದು ಅತ್ತರು.

ಹುಡುಗಿ ಮಾರ್ಚಿನಲ್ಲಿ ನಾಲ್ಕು ಪತ್ರಿಕೆ ಬರೆದಳು. ಗಣಿತ, ವಿಜ್ಞಾನ ಬಿಟ್ಟಳು, ಪರೀಕ್ಷೆ-2ರಲ್ಲಿ ಬರೆದಳು. 600 ಬರಲಿಲ್ಲ. ಅಪ್ಪನಿಗೆ ಬೇಜಾರಾಯಿತು, ಈಗಲೂ ಇದೆ. ಅವಳು ಪಿ.ಯು.ಸಿ. ಓದುತ್ತಿದ್ದಾಳೆ, ಗುಳಿಗೆ ಇನ್ನೂ ನಡೆದಿದೆ. ಕಾಲೇಜಿಗೆ ಸೇರುವಾಗ ಅರ್ಜಿಯನ್ನು ತಾನೇ ಬರೆದಳು. ದೀಪಾವಳಿಗೆ ಅವರ ಮನೆಗೆ ಹೋದಾಗ ಅಂಗಳದಲ್ಲಿ ಸಣ್ಣದೊಂದು ರಂಗೋಲಿ ಇತ್ತು. ನಾವು ಅದನ್ನು ಹೊಗಳಲಿಲ್ಲ, ದಾಟಿಕೊಂಡು ಒಳಗೆ ಹೋಗಿ ಚಹಾ ಕುಡಿದೆವು.

ಮುಂದಿನ ಸಭೆಯಲ್ಲಿ ಕೂಡಿ ಮಾತಾಡಿರಿ

ನಿಮ್ಮ ಮನೆಯಲ್ಲಿ ಮಗು ಮಾರ್ಕ್ಸ್ ತಂದಾಗ ಮೊದಲು ಕೇಳುವ ಮಾತು ಯಾವುದು? ಅದು ಮಗುವಿಗೆ ಹೇಗೆ ಕೇಳಿಸುತ್ತದೆ ಅಂತ ಒಮ್ಮೆ ಮಗುವನ್ನೇ ಕೇಳಿ ಬನ್ನಿರಿ.

ನಿಮ್ಮೂರ ಸಾಲಿಯ ಗೋಡೆಯ ಮೇಲೆ 14416 ಇದೆಯೇ? ಇಲ್ಲದಿದ್ದರೆ ಯಾವ ನಾಲ್ವರು ಹೋಗುವಿರಿ, ಯಾವ ದಿನ? ಹೆಸರು, ತಾರೀಖು ಠರಾವಿನಲ್ಲಿ ಬರೆಯಿರಿ.

ಸಂಘದಲ್ಲಿ ಒಬ್ಬ ತಾಯಿ ಇಂಥ ವಿಷಯ ಹೇಳಿಕೊಂಡರೆ ಅದು ಹೊರಗೆ ಹೋಗದಂತೆ ನಿಮ್ಮ ಸಂಘ ಯಾವ ನಿಯಮ ಮಾಡಿಕೊಳ್ಳುತ್ತದೆ? ನೀರಿನ ಟಾಕಿಯ ಹತ್ತಿರವೂ ನಡೆಯುವಂಥ ನಿಯಮ ಇರಲಿ.